ಪದ ಬೇಕು: ಸೀಗಡಿಗೆ ರೇಷ್ಮೆಹುಳುವಿನ ‘ಜ್ವರ’ ಹೊಂದುತ್ತದಾ?

ಎಲ್ಲರಿಗೂ ನಮಸ್ಕಾರ,

ಮನೆಯ ಉಪ್ಪುನೀರಿನ ಅಕ್ವೇರಿಯಂನಲ್ಲಿ ಕ್ಲೀನರ್ ಸೀಗಡಿಯ ಮರಿ ಮಾಡಿಸುವುದರ ಬಗ್ಗೆ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಕೆಂಪು ಬೆನ್ನು, ಅದರ ನಡುವೆ ಉದ್ದಕ್ಕೆ ಬಿಳಿ ಪಟ್ಟೆ. ಮೀನಿನ ಮೈಗೆ ಅಂಟಿದ ಹುಳುಗಳನ್ನು ಹೆಕ್ಕಿ ತಿನ್ನುತ್ತದೆ. ಶಾಸ್ತ್ರೀಯ ಹೆಸರು ಲಿಸ್ಮಾಟಾ ಆಂಬೊಯ್ನೆನ್ಸಿಸ್. ಕೆಲವು ಕಡೆ ಪದ ಸಿಗದೆ ನಿಂತಿದ್ದೇನೆ.

‘ಮೊಟ್ಟೆ ಇಟ್ಟಿದೆ’ ಅಂತ ಬರೆದರೆ ಓದುವವರು ತೊಟ್ಟಿಯ ತಳದಲ್ಲಿ ಹುಡುಕುತ್ತಾರೆ. ಇದು ಮೊಟ್ಟೆಗಳನ್ನು ಹೊಟ್ಟೆಯಡಿಯ ಈಜುಕಾಲುಗಳಿಗೆ ಅಂಟಿಸಿಕೊಂಡೇ ಓಡಾಡುತ್ತದೆ. ಬಸಿರು ಅನ್ನೋಣ ಅಂದ್ರೆ ಮೊಟ್ಟೆ ಹೊರಗೇ ಇದೆಯಲ್ಲ! ಸದ್ಯಕ್ಕೆ ‘ಮೊಟ್ಟೆ ಹೊತ್ತ ಸೀಗಡಿ’ ಅಂದಿದ್ದೇನೆ. ‘ತಾಯಿ ಸೀಗಡಿ’ ಮಾತ್ರ ಬೇಡ. ಇವು ಮೊದಲು ಗಂಡು, ದೊಡ್ಡವಾದ ಮೇಲೆ ಒಂದೇ ಮೈಯಲ್ಲಿ ಗಂಡೂ ಹೆಣ್ಣೂ. ಬೆಳೆದ ಯಾವ ಎರಡನ್ನು ಜೊತೆಗೆ ಬಿಟ್ಟರೂ ಎರಡೂ ಮೊಟ್ಟೆ ಹೊರುತ್ತವೆ.

‘ಮರಿ’ಯದ್ದು ಇನ್ನೊಂದು ಗೊಂದಲ. ಸೀಗಡಿ ಸಾಕುವವರು ಮರಿ ಅನ್ನುವುದು ಕೆರೆಗೆ ಬಿಡಲು ತಯಾರಾದದ್ದಕ್ಕೆ. ಅದು ಆಗಲೇ ಸೀಗಡಿಯ ಆಕಾರದಲ್ಲಿರುತ್ತದೆ. ರಾತ್ರಿ ದೀಪ ಆರಿದ ಮೇಲೆ ಮೊಟ್ಟೆಯೊಡೆದು ಬರುವುದು ಹಾಗಿರುವುದಿಲ್ಲ. ಗಾಜಿನಂಥ ಮೈ, ನೀರಲ್ಲಿ ತೇಲಾಟ, ಬೆಳಕು ಕಂಡತ್ತ ಓಟ. ಸ್ವಲ್ಪ ಬೆಳೆದ ಮೇಲೆ ಹುಟ್ಟುಗೋಲಿನ ಹಾಗೆ ಅಗಲ ತುದಿಯ ಉದ್ದ ಕಾಲು ಬರುತ್ತವೆ. ಗೋಡೆಗೆ ತಾಗಿದರೆ ಆ ಕಾಲು ಮುರಿಯುತ್ತವೆ, ಅದಕ್ಕೇ ದುಂಡು ತಳದ ಪಾತ್ರೆಯಲ್ಲಿ ನೀರು ಮೆಲ್ಲಗೆ ಸುತ್ತುತ್ತಿರಬೇಕು. ಈ ಸ್ಥಿತಿ ತಿಂಗಳುಗಟ್ಟಲೆ. ಹವ್ಯಾಸಿಗಳು ಕಳೆದುಕೊಳ್ಳುವುದೂ ಇಲ್ಲೇ ಜಾಸ್ತಿ. ಹಾಗಾಗಿ ಎರಡಕ್ಕೂ ‘ಮರಿ’ ಅಂದರೆ ಕೈಪಿಡಿಯೇ ದಾರಿ ತಪ್ಪಿಸುತ್ತದೆ. ಪಠ್ಯಪುಸ್ತಕದ ‘ಡಿಂಭ’ (ಲಾರ್ವಾ) ಯಾರ ಬಾಯಲ್ಲೂ ಕೇಳಿಲ್ಲ. ತೇಲಾಡುವುದಕ್ಕೆ ‘ತೇಲುಮರಿ’, ಸೀಗಡಿಯ ಆಕಾರ ಬಂದದ್ದಕ್ಕೆ ‘ತಳಮರಿ’ ಅಂತ ಮಾಡಿಕೊಂಡಿದ್ದೇನೆ. ಕಿವಿಗೆ ಹೇಗೆ ಕೇಳಿಸುತ್ತದೆ?

ನನ್ನ ಮುಖ್ಯ ಪ್ರಶ್ನೆ ಪೊರೆಯದ್ದು. ತೇಲುಮರಿ ಮತ್ತೆ ಮತ್ತೆ ಪೊರೆ ಕಳಚಿ ಬೆಳೆಯುತ್ತದೆ. ಎಷ್ಟನೇ ಸಲದ್ದು ಅಂತ ಗುರುತಿಸಲು ಚಿಕ್ಕ ಪದ ಬೇಕು. ರೇಷ್ಮೆ ಸಾಕುವವರಲ್ಲಿ ಅದು ಇದೆ: ಜ್ವರ. ಹುಳು ಜ್ವರಕ್ಕೆ ಕೂರುತ್ತದೆ, ಜ್ವರದಿಂದ ಏಳುತ್ತದೆ, ಎರಡನೇ ಜ್ವರದವರೆಗಿನ ಎಳೆಹುಳುವಿನ ಹಂತಕ್ಕೆ ಚಾಕಿ ಅನ್ನುತ್ತಾರೆ. ಗೂಡು ಕಟ್ಟುವ ಮೊದಲು ಒಟ್ಟು 4 ಜ್ವರ. ‘ಮೂರನೇ ಜ್ವರ ಎದ್ದ ತೇಲುಮರಿ’ ಅಂದರೆ ಎಷ್ಟು ಸಲೀಸು, ಅಲ್ವಾ?

ಆದರೆ ರೇಷ್ಮೆಹುಳು ಸೊಪ್ಪು ಬಿಟ್ಟು, ತಲೆಯೆತ್ತಿ ಸುಮಾರು ಒಂದು ದಿನ ಅಲುಗಾಡದೆ ಕೂರುತ್ತದೆ. ಸೀಗಡಿ ಹಾಗೆ ಕೂರುವುದಿಲ್ಲ, ಪೊರೆಯಿಂದ ಚಕ್ಕನೆ ಹೊರಬಂದುಬಿಡುತ್ತದೆ. ಬೆಂಗಳೂರಿನ ಓದುಗರಂತೂ ಜ್ವರ ಅಂದ ಕೂಡಲೇ ಔಷಧಿ ಹುಡುಕಬಹುದು. ದೊಡ್ಡ ಸೀಗಡಿಗೆ ಈ ಪದ ಬಳಸುವುದು ಇನ್ನೂ ಕಷ್ಟ. ಅವುಗಳ ಮಿಲನ ನಡೆಯುವುದೇ ಜೋಡಿಯಲ್ಲಿ ಒಂದು ಪೊರೆ ಬಿಟ್ಟ ತಕ್ಷಣ, ಅದನ್ನು ಜ್ವರ ಅಂದರೆ ಹೊಂದುವುದಿಲ್ಲ. ಹಾಗಾಗಿ ತೇಲುಮರಿಯ ಲೆಕ್ಕಕ್ಕೆ ಜ್ವರ, ಉಳಿದ ಕಡೆ ಪೊರೆ ಅಂತ ಇಟ್ಟುಕೊಳ್ಳುವ ಮನಸ್ಸಿದೆ.

ಶಿಡ್ಲಘಟ್ಟ, ರಾಮನಗರ ಕಡೆಯ ರೇಷ್ಮೆಯವರು ಇದನ್ನು ಒಪ್ಪುತ್ತೀರಾ? ಅಘನಾಶಿನಿ ನದಿಯ ಗಜನಿಗಳಲ್ಲಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ) ಸೀಗಡಿ ಹಿಡಿಯುವವರು ಆಗಷ್ಟೇ ಪೊರೆ ಬಿಟ್ಟ ಮೆತ್ತನೆಯ ಸೀಗಡಿಗೆ ಏನನ್ನುತ್ತಾರೆ? ಗೊತ್ತಿದ್ದವರು ಊರಿನ ಹೆಸರು ಸೇರಿಸಿ ಬರೆಯಿರಿ.