ಪರಿವಿಡಿಯ ಪುಟಸಂಖ್ಯೆ ಸಾಲಾಗಿ ನಿಲ್ಲುತ್ತಿಲ್ಲ

ಪ್ರಶ್ನೆ (ಬದಿಯಡ್ಕ, ಕಾಸರಗೋಡು): ಅಜ್ಜಿ ಹೇಳಿಕೊಟ್ಟ ಅಡಿಗೆಗಳನ್ನು ವರ್ಡ್‌ನಲ್ಲಿ ಪುಸ್ತಕ ಮಾಡುತ್ತಿದ್ದೇನೆ. ಪರಿವಿಡಿಗೆ ಚುಕ್ಕಿಗಳನ್ನು ಒಂದೊಂದಾಗಿ ಒತ್ತಿದೆ. ‘ಮೇಲಾರ’ದ ಪುಟಸಂಖ್ಯೆ ಒಂದು ಕಡೆ, ‘ಒಂದೆಲಗದ ತಂಬುಳಿ’ಯದ್ದು ಅರ್ಧ ಇಂಚು ಆಚೆ! ನಡುವೆ ‘ಪತ್ರೊಡೆ’ ಸೇರಿಸಿದ್ದಕ್ಕೆ ಮುಂದಿನ ಸಂಖ್ಯೆಗಳೆಲ್ಲ ತಪ್ಪಿದವು. ಅಜ್ಜಿಯ ಕೈಗೆ ಚಂದದ ಪ್ರತಿ ಕೊಡಬೇಕೆಂಬ ಆಸೆ. ದಾರಿ ಹೇಳಿ.

ಉತ್ತರ 1: ಅಕ್ಕಾ, ಕನ್ನಡದ ಒಂದೊಂದು ಅಕ್ಷರದ ಅಗಲ ಒಂದೊಂದು, ಕೈಯಲ್ಲಿ ಹಾಕಿದ ಚುಕ್ಕಿ ಸಾಲು ಕೂಡುವುದಿಲ್ಲ. ಅಡಿಗೆಯ ಹೆಸರುಗಳಿಗೆಲ್ಲ ‘ಹೆಡಿಂಗ್ 1’ ಸ್ಟೈಲ್ ಕೊಡಿ. ಆಮೇಲೆ ಮೇಲಿನ ರೆಫರೆನ್ಸಸ್ ಟ್ಯಾಬ್‌ನಲ್ಲಿ ಟೇಬಲ್ ಆಫ್ ಕಂಟೆಂಟ್ಸ್ ಒತ್ತಿ, ವರ್ಡ್ ತಾನೇ ಪರಿವಿಡಿ ಕಟ್ಟುತ್ತದೆ. ಪುಟ ಬದಲಾದರೆ ಪರಿವಿಡಿಯ ಮೇಲೆ ಕ್ಲಿಕ್ ಮಾಡಿ ಎಫ್9 ಒತ್ತಿ.

ಪ್ರಶ್ನೆ ಕೇಳಿದವರು: ಬಂತು! ಆದರೆ ಪರಿವಿಡಿಯ ಅಕ್ಷರ ದೊಡ್ಡದು ಮಾಡಿದ್ದೆ, ಎಫ್9 ಒತ್ತಿದ ಕೂಡಲೇ ಮೊದಲಿನ ಹಾಗೇ ಆಯಿತು.

ಉತ್ತರ 2: ಎಫ್9 ಪರಿವಿಡಿಯನ್ನು ಹೊಸದಾಗಿ ಕಟ್ಟುತ್ತದೆ, ಅಲ್ಲೇ ತಿದ್ದಿದ್ದು ಉಳಿಯುವುದಿಲ್ಲ. ಪರಿವಿಡಿಯ ಸಾಲುಗಳಿಗೆ ಇರುವ ‘ಟಿಒಸಿ 1’ ಎಂಬ ಸ್ಟೈಲನ್ನೇ ಮಾಡಿಫೈ ಮಾಡಿ. ಅದರ ಫಾಂಟ್ ಕಿಟಕಿಯಲ್ಲಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್ ಎಂಬಲ್ಲಿ ಗಾತ್ರ ಬದಲಿಸಿ, ಕನ್ನಡಕ್ಕೆ ಅನ್ವಯವಾಗುವುದು ಅದೇ. ನಾನು ಇದು ಗೊತ್ತಿಲ್ಲದೆ ಒಂದು ರಾತ್ರಿ ಕಳೆದಿದ್ದೇನೆ.

ಪ್ರಶ್ನೆ ಕೇಳಿದವರು: ಸರಿಯಾಯಿತು ಅಣ್ಣಾ. ಅಜ್ಜಿಗೆ ಕನ್ನಡಕವಿಲ್ಲದೆ ಓದಲು 18ರ ಗಾತ್ರ ಇಟ್ಟೆ.