ಅಪ್ಪ ಡೇವಿಡ್ ಎವನ್ಸ್, ಮಗ ಎವನ್ ಡೇವಿಸ್: ವೇಲ್ಸ್ ಮೂಲ ಹುಡುಕುವುದು ಹೇಗೆ?

ಬಿಜೈ_ಓದುಗ

1861ರಲ್ಲಿ ಮಂಗಳೂರಿನಲ್ಲಿ ಆದ ಒಂದು ಮದುವೆಯ ದಾಖಲೆಯ ನಕಲು ಕೈಯಲ್ಲಿ ಉಂಟು. ವರ ಎವನ್ ಡೇವಿಸ್, ವಯಸ್ಸು 34. ತಂದೆಯ ಹೆಸರಿನ ಕಾಲಮಿನಲ್ಲಿ ಡೇವಿಡ್ ಎವನ್ಸ್. ಮನೆಯ ಹಳೇ ಬೈಬಲ್ಲಿನ ಮೊದಲ ಹಾಳೆಯಲ್ಲಿ "ಕಾರ್ಡಿಗನ್‌ಶೈರ್" ಅಂತ ಬರೆದಿದೆ, ಅದು ವೇಲ್ಸ್‌ನ ಪಶ್ಚಿಮದ ಒಂದು ಜಿಲ್ಲೆ; ಊರಿನ ಹೆಸರಿಲ್ಲ. ಅಪ್ಪ ಎವನ್ಸ್, ಮಗ ಡೇವಿಸ್ ಆಗುವುದು ಹೇಗೆ? ಬರೆದ ಗುಮಾಸ್ತ ಅದಲುಬದಲು ಮಾಡಿದ್ದಾ? 1827ರ ಆಸುಪಾಸಿನಲ್ಲಿ ಹುಟ್ಟಿದ ಎವನ್ ಡೇವಿಸ್ ಅಂತ ಹಾಕಿ ಹುಡುಕಿದರೆ ಅಪ್ಪನ ಹೆಸರು ಕೂಡಿಬರುವವರು ಒಬ್ಬರೂ ಸಿಗುವುದಿಲ್ಲ. ಇಲ್ಲೇ ಕೂತು ಎಷ್ಟು ಹಿಂದಕ್ಕೆ ಹೋಗಬಹುದು?

ಕೊಡಿಯಾಲಬೈಲ್

ಗುಮಾಸ್ತನ ತಪ್ಪಲ್ಲ ಮಾರಾಯ್ರೆ, ನಿಮ್ಮ ಹತ್ತಿರ ಇರುವ ಒಳ್ಳೆಯ ಸುಳಿವೇ ಅದು. ವೇಲ್ಸ್‌ನ ಹಳ್ಳಿಗಳಲ್ಲಿ, ಅದರಲ್ಲೂ ಪಶ್ಚಿಮ ಮತ್ತು ಉತ್ತರದ ಕಡೆ, 19ನೇ ಶತಮಾನ ಶುರುವಾದ ಮೇಲೂ ಎಷ್ಟೋ ಮನೆಗಳಲ್ಲಿ ಅಡ್ಡಹೆಸರು ಅಂದರೆ ಅಪ್ಪನ ಹೆಸರು. ನಮ್ಮಲ್ಲಿ ಅಪ್ಪನ ಹೆಸರಿನ ಇನಿಷಿಯಲ್ ಹಾಕಿಕೊಳ್ಳುವವರಲ್ಲಿ ತಲೆಮಾರಿಗೊಮ್ಮೆ ಅಕ್ಷರ ಬದಲಾಗುತ್ತದಲ್ಲ, ಹಾಗೆಯೇ. ಎವನ್ ಎಂಬವನ ಮಗ ಡೇವಿಡ್, ಆದ್ದರಿಂದ ಡೇವಿಡ್ ಎವನ್ಸ್. ಅವನು ಮಗನಿಗೆ ಅಜ್ಜನ ಹೆಸರಿಟ್ಟ. ಆ ಮಗ, ಡೇವಿಡ್‌ನ ಮಗ ಎಂಬ ಅರ್ಥದಲ್ಲಿ, ಎವನ್ ಡೇವಿಸ್ ಆದ.

ಇನ್ನೂ ಹಳೆಯ ದಾಖಲೆಗಳಲ್ಲಿ ನಡುವೆ "ಆಪ್" ಬರುತ್ತದೆ, ಸ್ವರದ ಮುಂದೆ "ಆಬ್", ಅರ್ಥ ಮಗ. ಮಗಳಿಗೆ "ವೆರ್ಖ್". ಈ ಆಪ್ ಮುಂದಿನ ಹೆಸರಿಗೆ ಅಂಟಿಕೊಂಡೇ ಆಪ್ ರೀಸ್ ಪ್ರೈಸ್ ಆಯಿತು, ಆಪ್ ಹ್ಯೂ ಪ್ಯೂ ಆಯಿತು, ಆಪ್ ಹ್ಯಾರಿ ಪ್ಯಾರಿ, ಆಬ್ ಎವನ್ ಬೆವನ್, ಆಬ್ ಓವನ್ ಬೋವನ್. ನಮ್ಮೂರಿನ ರೊಡ್ರಿಗಸ್, ಫೆರ್ನಾಂಡಿಸ್ ಕೂಡ ಮೂಲದಲ್ಲಿ ರೊಡ್ರಿಗೋನ ಮಗ, ಫೆರ್ನಾಂಡೋನ ಮಗ ಎಂದೇ. ಆದರೆ ಅವು ಇಲ್ಲಿಗೆ ಬರುವಾಗಲೇ ಗಟ್ಟಿಯಾಗಿ ಕೂತಿದ್ದವು.

ಈಗ ನಿಮ್ಮ ಹುಡುಕಾಟ ಯಾಕೆ ಕೈಕೊಟ್ಟಿತು ಅಂತ ನೋಡುವ. 1813ರಿಂದ ಆಂಗ್ಲಿಕನ್ ಪ್ಯಾರಿಷ್ ಚರ್ಚುಗಳಲ್ಲಿ (ಪ್ಯಾರಿಷ್ ಅಂದರೆ ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ) ದೀಕ್ಷಾಸ್ನಾನಕ್ಕೆ ಅಚ್ಚು ಹಾಕಿದ ಫಾರಂ ಬಂತು. ಅದರಲ್ಲಿರುವ ಕಾಲಮುಗಳು: ದೀಕ್ಷೆಯ ದಿನ, ಮಗುವಿನ ಹೆಸರು, ತಂದೆತಾಯಿಯ ಹೆಸರು, ಅವರ ಅಡ್ಡಹೆಸರು, ವಾಸ, ಕಸುಬು, ದೀಕ್ಷೆ ಕೊಟ್ಟವರ ಹೆಸರು. ಮಗುವಿಗೆ ಬೇರೆ ಅಡ್ಡಹೆಸರಿನ ಕಾಲಮೇ ಇಲ್ಲ! ಹುಡುಕಲಿಕ್ಕೆ ಹೆಸರುಗಳ ಪಟ್ಟಿ (ಇಂಡೆಕ್ಸ್) ಮಾಡಿದವರು ಅಪ್ಪನ ಅಡ್ಡಹೆಸರನ್ನೇ ಮಗುವಿಗೂ ಅಂಟಿಸಿರುತ್ತಾರೆ. ಅಂದರೆ ನಿಮ್ಮ ಎವನ್ ಡೇವಿಸ್ ಅಲ್ಲಿ "ಎವನ್ ಎವನ್ಸ್" ಆಗಿ ಕೂತಿರುವ ಸಂಭವ ಹೆಚ್ಚು. ಅಡ್ಡಹೆಸರಿನ ಜಾಗ ಖಾಲಿ ಬಿಡಿ. ಮಗು ಎವನ್, ತಂದೆ ಡೇವಿಡ್, 1825ರಿಂದ 1829, ಜಿಲ್ಲೆ ಕಾರ್ಡಿಗನ್‌ಶೈರ್, ಇಷ್ಟೇ ಹಾಕಿ. ಫ್ಯಾಮಿಲಿಸರ್ಚ್ ಎಂಬ ತಾಣದಲ್ಲಿ ಪುಕ್ಕಟೆ.

ಮಲ್ಪೆ_ತೆಂಕ

ಮೇಲಿನವರು ಹೇಳಿದ್ದು ಸರಿ, ಆದರೂ ಒಂದು ಎಚ್ಚರ ಬೇಕು. 1820ರ ಹೊತ್ತಿಗೆ ಬಹಳಷ್ಟು ಮನೆಗಳಲ್ಲಿ ಅಡ್ಡಹೆಸರು ಖಾಯಂ ಆಗಿಬಿಟ್ಟಿತ್ತು. ಅಪ್ಪ ಮಗನ ಅಡ್ಡಹೆಸರು ಬೇರೆ ಇರಲು ಮಲತಂದೆ, ಮದುವೆಗೆ ಮುಂಚೆ ಹುಟ್ಟಿದ ಮಗು, ಇಂಥ ಕಾರಣಗಳೂ ಇರಬಹುದು. ಪರೀಕ್ಷೆ ಸುಲಭ: ಅವನ ಅಣ್ಣತಮ್ಮಂದಿರನ್ನು ನೋಡಿ. ಎಲ್ಲರೂ ಡೇವಿಸ್ ಆಗಿದ್ದರೆ ಅಪ್ಪನ ಹೆಸರಿನ ಪದ್ಧತಿ. ಇವನೊಬ್ಬನೇ ಡೇವಿಸ್ ಆದರೆ ಬೇರೆ ಕಥೆ. ಹೆಂಗಸರ ವಿಷಯದಲ್ಲಿ ಇನ್ನೊಂದು: ಮದುವೆಯಾದ ಮೇಲೂ ತವರಿನ ಹೆಸರನ್ನೇ ಇಟ್ಟುಕೊಳ್ಳುವುದು ಅಲ್ಲಿ ಸಾಮಾನ್ಯವಾಗಿತ್ತು. ತಾಯಿಯನ್ನು ಎವನ್ಸ್ ಅಂತ ಮಾತ್ರ ಹುಡುಕಬೇಡಿ.

ಕಾರ್ಡಿಗನ್‌ಶೈರಿನಲ್ಲಿ ದೊಡ್ಡ ತೊಡಕು ಚಾಪೆಲ್, ಅಂದರೆ ಆಂಗ್ಲಿಕನ್ ಚರ್ಚಿನಿಂದ ಹೊರಗಿದ್ದ ಪಂಗಡಗಳ ಪ್ರಾರ್ಥನಾಲಯ. ಮೆಥಡಿಸ್ಟ್, ಇಂಡಿಪೆಂಡೆಂಟ್, ಬ್ಯಾಪ್ಟಿಸ್ಟ್, ದಕ್ಷಿಣದ ಕಡೆ ಯೂನಿಟೇರಿಯನ್. ಇವರ ಮಕ್ಕಳ ಹೆಸರು ಪ್ಯಾರಿಷ್ ಪುಸ್ತಕದಲ್ಲಿ ಇಲ್ಲದೇ ಇರಬಹುದು. ಬ್ಯಾಪ್ಟಿಸ್ಟರಂತೂ ಶಿಶುಗಳಿಗೆ ದೀಕ್ಷೆ ಕೊಡುವವರೇ ಅಲ್ಲ. 1837ರ ನಂತರ ಸರ್ಕಾರಕ್ಕೆ ಒಪ್ಪಿಸಿದ ಚಾಪೆಲ್ ಪುಸ್ತಕಗಳು ಲಂಡನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಆರ್‌ಜಿ 4 ಎಂಬ ಸರಣಿಯಲ್ಲಿವೆ. ಮದುವೆ ಮಾತ್ರ, 1754ರಿಂದ 1837ರವರೆಗೆ, ಕ್ವೇಕರ್ ಮತ್ತು ಯೆಹೂದಿಗಳನ್ನು ಬಿಟ್ಟು ಎಲ್ಲರದ್ದೂ ಪ್ಯಾರಿಷ್ ಚರ್ಚಿನಲ್ಲೇ ಆಗಬೇಕಿತ್ತು.

ಪ್ಯಾರಿಷ್ ಪುಸ್ತಕ ಹುಳ ತಿಂದಿದ್ದರೆ ಬಿಷಪರಿಗೆ ವರ್ಷಕ್ಕೊಮ್ಮೆ ಕಳಿಸುತ್ತಿದ್ದ ನಕಲು ನೋಡಿ. ಅವು ಅಬೆರಿಸ್ಟ್‌ವಿತ್‌ನ ನ್ಯಾಷನಲ್ ಲೈಬ್ರರಿ ಆಫ್ ವೇಲ್ಸ್‌ನಲ್ಲಿವೆ. ನಡುವೆ ವರ್ಷಗಳೇ ಇಲ್ಲದಿರುವುದು ಮಾಮೂಲು.

ಬಿಜೈ_ಓದುಗ

ಅಡ್ಡಹೆಸರು ಬಿಟ್ಟು ಹುಡುಕಿದೆ. ಈಗ ಮೂರು ಜನ ಎವನ್, ಮೂವರಿಗೂ ಅಪ್ಪ ಡೇವಿಡ್! ಎರಡು ಪ್ಯಾರಿಷ್‌ಗಳ ಹೆಸರು ಲ್ಲಾನ್ವಿಹಾಂಗೆಲ್ ಅಂತಲೇ ಶುರು. ಒಂದೇ ಊರಾ?

ಕೊಡಿಯಾಲಬೈಲ್

ಅಲ್ಲ. ಲ್ಲಾನ್ ಅಂದರೆ ಚರ್ಚು ಮತ್ತು ಅದರ ಆವರಣ, ಮುಂದೆ ಬರುವುದು ಸಂತರ ಹೆಸರು. ಮಿಹಾಂಗೆಲ್ ಅಂದರೆ ಮೈಕೆಲ್. ಲ್ಲಾನ್ ಆದ ಮೇಲೆ ಬಂದಾಗ ಮಕಾರ ವಕಾರವಾಗುತ್ತದೆ, ಬರೆಯುವುದು ಎಫ್ ಅಕ್ಷರದಲ್ಲಿ. ಕಾರ್ಡಿಗನ್‌ಶೈರ್ ಒಂದರಲ್ಲೇ ಇಂಥವು ಹಲವು ಉಂಟು, ಇಸ್ಟ್ರಾಡ್, ಕ್ರೆಯ್ದಿನ್ ಅಂತ ಕೊನೆಗೆ ಬರುವ ಶಬ್ದವೇ ಗುರುತು. ಪಡುಬೆಳ್ಳೆ, ಮೂಡುಬೆಳ್ಳೆಯಲ್ಲಿ ಬರೇ "ಬೆಳ್ಳೆ" ಅಂತ ಬರೆದುಕೊಂಡು ಬಂದರೆ ಆಗುವ ಅವಸ್ಥೆಯೇ ಇಲ್ಲೂ.

ಮೂವರಲ್ಲಿ ಒಬ್ಬರನ್ನು ಆರಿಸಲಿಕ್ಕೆ ಹೋಗಬೇಡಿ, ಇಬ್ಬರನ್ನು ತೆಗೆದುಹಾಕಿ. ಮೊದಲು ಅದೇ ಪ್ಯಾರಿಷ್‌ಗಳ ಸಮಾಧಿ ಪುಸ್ತಕ, 1825ರಿಂದ 1840: ಒಬ್ಬ ಎವನ್ ಶಿಶುವಾಗಿಯೇ ತೀರಿಕೊಂಡಿರಬಹುದು. ಆಮೇಲೆ ವೇಲ್ಸ್‌ನ 1861ರ ಜನಗಣತಿ. ನಿಮ್ಮವರು ಆ ವರ್ಷ ಮಂಗಳೂರಿನಲ್ಲಿದ್ದರು, ಅಲ್ಲಿ ಹೊಲ ಉಳುತ್ತಾ ಸಿಕ್ಕಿದವನು ನಿಮ್ಮವನಲ್ಲ.

ಉಳಿದವನಿಗೆ ಮನೆ ಹೆಸರು ಹಿಡಿಯಿರಿ. ಹೊಲಮನೆಯ ಹೆಸರೇ ಅಲ್ಲಿ ನಿಜವಾದ ಅಡ್ಡಹೆಸರು, ನಮ್ಮ ಗುತ್ತು, ಬೀಡುಗಳ ಹಾಗೆ. ದೀಕ್ಷೆಯ ಫಾರಂನ ವಾಸದ ಕಾಲಮಿನಲ್ಲಿ ಬಂದ ಮನೆ ಹೆಸರು 1841ರ ಜನಗಣತಿಯಲ್ಲೂ ಬಂದರೆ ಕೊಂಡಿ ಬಿತ್ತು. ಆದರೆ ಕೊನೆಯ ಶಬ್ದ ಬಿಡಬೇಡಿ: ಇಸಾಫ್ ಅಂದರೆ ಕೆಳಗಿನ ಮನೆ, ಇಖಾಫ್ ಅಂದರೆ ಮೇಲಿನ ಮನೆ. 1841ರಲ್ಲಿ 15 ದಾಟಿದವರ ವಯಸ್ಸನ್ನು ಐದರ ಮಗ್ಗಿಗೆ ಇಳಿಸಿ ಬರೆಯಬೇಕೆಂದು ಸೂಚನೆ ಇತ್ತು, ಅಪ್ಪ 44 ಆಗಿದ್ದರೆ 40 ಅಂತ ಕಾಣುತ್ತದೆ. ಹುಟ್ಟಿದ ಪ್ಯಾರಿಷ್ ಸಿಗುವುದು 1851ರದ್ದರಲ್ಲಿ.

ಕಲ್ಯಾಣಪುರ_ಸೇತುವೆ

ಇಲ್ಲಿಯ ದಾಖಲೆಯನ್ನೇ ಇನ್ನೂ ಹಿಂಡಿಲ್ಲವಲ್ಲ ನೀವು. ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಮದ್ರಾಸಿನ ದೀಕ್ಷೆ, ಮದುವೆ, ಸಮಾಧಿಗಳು ಎನ್ 2 ಸರಣಿ, ಬೊಂಬಾಯಿಯವು ಎನ್ 3. ಮಂಗಳೂರು ಮದ್ರಾಸ್ ಪ್ರೆಸಿಡೆನ್ಸಿಯಲ್ಲಿತ್ತು, ಹಾಗಾಗಿ ನಿಮಗೆ ಎನ್ 2. 1862ರಲ್ಲಿ ಉತ್ತರ ಕನ್ನಡ ಬೊಂಬಾಯಿಗೆ ಹೋಯಿತು; ಕುಟುಂಬ ಆಮೇಲೆ ಕಾರವಾರಕ್ಕೆ ಹೋಗಿದ್ದರೆ ಎನ್ 3ರಲ್ಲೂ ನೋಡಿ. ಇಂಡೆಕ್ಸ್ ಫಿಬಿಸ್ ತಾಣದಲ್ಲಿ ಪುಕ್ಕಟೆ, ಮೂಲ ಪುಟದ ಚಿತ್ರ ಫೈಂಡ್‌ಮೈಪಾಸ್ಟ್ ತಾಣದಲ್ಲಿ ದುಡ್ಡು ಕೊಟ್ಟರೆ. ವರನ ಕಸುಬು ಏನಂತ ಬರೆದಿದೆ? ಕಂಪೆನಿಯ ಮದ್ರಾಸ್ ಸೈನ್ಯದ ಸಿಪಾಯಿ ಆಗಿದ್ದರೆ ಅದೇ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಆ ಸೈನ್ಯದ್ದೇ ಎಲ್ ಮಿಲ್ 11 ಸರಣಿ ಉಂಟು.

ಇನ್ನು ಅಜ್ಜನ ವಿಷಯ. ಡೇವಿಡ್ ಎವನ್ಸ್ ಅಂದದ್ದರಿಂದ ಅವನ ಅಪ್ಪ ಎವನ್ ಅಂತ ಊಹಿಸಬಹುದು. ಯಾವ ಎವನ್, ಎವನ್ ಥಾಮಸ್ಸೋ ಎವನ್ ಜಾನೋ, ಅದು ಆ ಹೆಸರಿನಿಂದ ಹೊರಡುವುದಿಲ್ಲ. ಮದುವೆ ಪುಸ್ತಕವೂ ಸಹಾಯಕ್ಕೆ ಬರುವುದಿಲ್ಲ, ವಧೂವರರ ತಂದೆಯ ಹೆಸರು ಬರೆಯುವ ಕಾಲಮು ಬಂದದ್ದೇ 1837ರ ಜುಲೈಯಿಂದ. ಬೇಕಾದದ್ದು ಉಯಿಲು. 1858ಕ್ಕಿಂತ ಮುಂಚಿನ ವೇಲ್ಸ್ ಉಯಿಲುಗಳ ಚಿತ್ರಗಳನ್ನು ಅದೇ ನ್ಯಾಷನಲ್ ಲೈಬ್ರರಿ ಪುಕ್ಕಟೆ ಇಟ್ಟಿದೆ. "ನನ್ನ ಮಗ ಡೇವಿಡ್ ಎವನ್ಸ್‌ಗೆ ಒಂದು ದನ" ಎಂಬಂಥ ಒಂದು ಸಾಲು ಸಿಕ್ಕಿದರೆ ಸಾಕು, ಕೆಳಗೆ ರುಜು ಹಾಕಿದ ಎವನ್‌ನ ಪೂರ್ತಿ ಹೆಸರು ಗೊತ್ತಾಗುತ್ತದೆ.

ಬಿಜೈ_ಓದುಗ

ಕಸುಬಿನ ಕಾಲಮಿನಲ್ಲಿ ಶಾಯಿ ಹರಡಿದೆ, ಇಂಗ್ಲಿಷಿನ "ಎಸ್" ಅಕ್ಷರದಿಂದ ಶುರುವಾದ ಹಾಗೆ ಕಾಣುತ್ತದೆ. ಸಾರ್ಜೆಂಟ್ ಇರಬಹುದಾ?

ಕಲ್ಯಾಣಪುರ_ಸೇತುವೆ

ಸಾರ್ಜೆಂಟೂ ಆಗಬಹುದು, ಗರಗಸದ ಕೆಲಸದ ಸಾಯರ್ ಕೂಡ ಆಗಬಹುದು. ಎನ್ 2ರ ಪ್ರತಿ ಬೇರೆ ಕೈಯಲ್ಲಿ ಬರೆದದ್ದು, ಅದನ್ನು ತೆರೆದು ಪಕ್ಕದಲ್ಲಿಟ್ಟು ಓದಿ.