ಕನ್ವಿಕ್ಟ್ ಸಿಕ್ಲಿಡ್ (ಮೈಮೇಲೆ ಪಟ್ಟೆಯಿರುವ ಸಾಕುಮೀನು) ಜೋಡಿ ಎರಡು ಸಲ ಮೊಟ್ಟೆ, ಮರಿ ಎಲ್ಲವನ್ನೂ ತಿಂದಿದೆ. ಮೂರನೆಯ ಸಲ ಮೊಟ್ಟೆ ಬೇರ್ಪಡಿಸಲೇ, ಬಿಡಲೇ?

ಹೊಸತೊಟ್ಟಿ:
110 ಲೀಟರಿನ ತೊಟ್ಟಿಯಲ್ಲಿ ಒಂದೇ ಜೋಡಿ ಇದೆ, ಬೇರೆ ಮೀನುಗಳಿಲ್ಲ. ನೀರು 27 ಡಿಗ್ರಿ. ಅಡ್ಡ ಮಲಗಿಸಿದ ಮಣ್ಣಿನ ಹೂಕುಂಡದ ಒಳಮೈಗೆ ಎರಡು ಸಲ ಮೊಟ್ಟೆ ಇಟ್ಟವು. ಮೊದಲ ಸಲ ಎರಡನೆಯ ದಿನವೇ ಕುಂಡ ಖಾಲಿಯಾಗಿತ್ತು. ಎರಡನೆಯ ಸಲ ಮರಿಗಳು ಒಡೆದು ಬಂದವು, ಮರುದಿನ ಒಂದೂ ಉಳಿದಿರಲಿಲ್ಲ. ಹೆಣ್ಣಿನ ಹೊಟ್ಟೆಯ ಕಿತ್ತಳೆ ಬಣ್ಣ ಮತ್ತೆ ಗಾಢವಾಗುತ್ತಿರುವುದರಿಂದ ಈ ವಾರದಲ್ಲೇ ಮತ್ತೆ ಇಡಬಹುದು. ಮೊಟ್ಟೆಗಳನ್ನು ತೆಗೆದು ಬೇರೆ ಇಡುವುದು ಒಳ್ಳೆಯದೇ? ಮತ್ತೊಂದು ಪ್ರಶ್ನೆ: ರಾತ್ರಿ ದೀಪವನ್ನು ಪೂರ್ತಿ ಆರಿಸಬೇಕೇ, ಮಂದವಾಗಿ ಉರಿಸಬೇಕೇ?

ನೀಲಿಹನಿ:
ಬೇರ್ಪಡಿಸಿ. ನಾನು ಬೇರ್ಪಡಿಸಿದ ಮೊದಲ ಸಲ ಸುಮಾರು 160 ಮೊಟ್ಟೆಗಳಿದ್ದವು. ಕುಂಡವನ್ನು ಅದೇ ನೀರು ತುಂಬಿದ 20 ಲೀಟರಿನ ಸಣ್ಣ ತೊಟ್ಟಿಗೆ ಸಾಗಿಸಿ, ಗುಳ್ಳೆಗಳು ಮೊಟ್ಟೆಗೆ ನೇರವಾಗಿ ಬಡಿಯದೆ ಪಕ್ಕದಲ್ಲಿ ಹಾದುಹೋಗುವಂತೆ ಏರ್‌ಸ್ಟೋನ್ ಇಟ್ಟು, ನೀರು ತಿಳಿನೀಲಿಯಾಗುವಷ್ಟು ಮೆಥಿಲೀನ್ ಬ್ಲೂ (ಬೂಸು ತಡೆಯುವ ನೀಲಿ ಔಷಧ) ಹಾಕಿದೆ. ಸತ್ತು ಬೆಳ್ಳಗಾದ ಮೊಟ್ಟೆಗಳನ್ನು ಆಗಾಗ ಹೆಕ್ಕಿ ತೆಗೆಯಬೇಕೆಂಬುದು ಗೊತ್ತಿದ್ದೂ ಒಂದು ರಾತ್ರಿ ನಿದ್ದೆ ಹೋದೆ. ಬೆಳಿಗ್ಗೆ ನೋಡಿದರೆ ಒಂದು ಮೊಟ್ಟೆಯ ಬೂಸು ಪಕ್ಕದ್ದಕ್ಕೆ, ಅದರಿಂದ ಆಚೆಯದಕ್ಕೆ ಹಬ್ಬಿ ಇಡೀ ಗುಂಪು ಹತ್ತಿಯ ತುಂಡಿನಂತಾಗಿತ್ತು. ಉಳಿದದ್ದು 19.

ಎರಡನೆಯ ಸಲ ನಾಲ್ಕು ಗಂಟೆಗೊಮ್ಮೆ ಅಲಾರಂ ಇಟ್ಟು ಎದ್ದೆ. ಮೂರನೆಯ ದಿನ ಮರಿ ಒಡೆದವು, ಮತ್ತೆ ಮೂರು ದಿನಕ್ಕೆ ಹೊಟ್ಟೆಗಂಟಿದ ಆಹಾರದ ಹಳದಿ ಚೀಲ ಕರಗಿ ಈಜತೊಡಗಿದವು. ಆ ಹೊತ್ತಿಗೆ ಆರ್ಟೀಮಿಯಾ (ಮರಿಗಳಿಗೆ ತಿನ್ನಿಸುವ ಸಣ್ಣ ಉಪ್ಪುನೀರಿನ ಸಿಗಡಿ) ಮೊಟ್ಟೆಯೊಡೆದು ಸಿದ್ಧವಿರಲಿಲ್ಲವಾದ್ದರಿಂದ ಬೇಯಿಸಿದ ಕೋಳಿಮೊಟ್ಟೆಯ ಹಳದಿಯನ್ನು ಕದಡಿ ಹಾಕಿದ್ದೇ ತಪ್ಪಾಯಿತು. ಸಂಜೆಗೆ ನೀರು ಕದಡಿ, ಅಮೋನಿಯಾ ಏರಿ, ನಲವತ್ತರಷ್ಟು ಮರಿಗಳು ತಳದಲ್ಲಿ ಬಿದ್ದಿದ್ದವು. ಅಂದಿನಿಂದ ದಿನಕ್ಕೆ ಎರಡು ಸಲ, ಏರ್‌ಪಂಪಿನ ಸಣ್ಣ ಕೊಳವೆಯಲ್ಲಿ ಎರಡೆರಡು ಲೀಟರು ನೀರು ಬದಲಿಸಿದೆ. ಕೊಳವೆಯೊಡನೆ ಬಕೆಟ್ಟಿಗೆ ಬಂದ ಮರಿಗಳನ್ನು ಚಮಚದಲ್ಲಿ ಎತ್ತಿ ಮರಳಿ ಬಿಡುತ್ತಿದ್ದೆ. ಒಂದು ದಿನ ಹನ್ನೊಂದು ಬಂದಿದ್ದವು. ಕೊನೆಗೆ 93 ಮರಿಗಳು ಹುಲಿಪಟ್ಟೆ ಮೂಡುವವರೆಗೆ ಬದುಕಿದವು. ಇದು ನನ್ನ ಕೈಯಿಂದ ಆದ ಕೆಲಸವೆಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಕಲ್ಲುಗೂಡು:
ಕೇಳಿದವರು ನಿಮ್ಮ ತೊಟ್ಟಿಯ ಲೆಕ್ಕ ಕೇಳಲಿಲ್ಲ. ಮರಿ ಸಾಕುವುದರಲ್ಲೇ ಹೆಸರಾದ ಮೀನಿನಿಂದ ಮೊಟ್ಟೆ ಕಸಿದು ನಾವೇ ನಿದ್ದೆಗೆಡುವುದರಲ್ಲಿ ಏನು ಸಾಧನೆಯಿದೆ? ನನ್ನ ಜೋಡಿ ಮೂರು ಸಲ ತಿಂದವು, ನಾಲ್ಕನೆಯ ಸಲ ಸಾಕಿದವು. ಹೆಣ್ಣು ತಳಕ್ಕೆ ಹೊಟ್ಟೆ ತಾಗುವಂತೆ ನಿಂತು ಎರಡೂ ಕಡೆಯ ಈಜುರೆಕ್ಕೆಗಳನ್ನು ಪಟಪಟನೆ ಬಡಿದು ಮರಳನ್ನು ಕೆದಕಿದಾಗ, ಮೇಲೆದ್ದ ಕಸದ ಮೋಡದೊಳಕ್ಕೆ ಮರಿಗಳೆಲ್ಲ ನುಗ್ಗಿ ಮೇಯುವುದನ್ನು ನಾನು ಗಂಟೆಗಟ್ಟಲೆ ನೋಡಿದ್ದೇನೆ. ತಳದಲ್ಲಿ ಬಿದ್ದಿದ್ದ ಒಣ ಎಲೆಯನ್ನು ಬಾಯಿಂದ ಕಚ್ಚಿ ಮಗುಚಿ ಹಾಕಿ, ಅಡಿಯಲ್ಲಿದ್ದುದನ್ನು ಮರಿಗಳಿಗೆ ತೋರಿಸುತ್ತಿತ್ತು. ಈ ವಿದ್ಯೆ ನಿಮ್ಮ ಚಮಚಕ್ಕೆ ಬರುವುದಿಲ್ಲ.

ನಷ್ಟವೂ ಆಗಿದೆ, ಮುಚ್ಚಿಡುವುದಿಲ್ಲ. ಐದನೆಯ ಸಲ ಮರಿಗಳು ಈಜತೊಡಗಿದ ನಾಲ್ಕನೆಯ ದಿನ, ಗಾಜಿಗೆ ಪಾಚಿ ಕಟ್ಟಿದೆಯೆಂದು ಕೈ ಹಾಕಿ ಉಜ್ಜಿದೆ. ಹೆಣ್ಣು ಮೊದಲು ನನ್ನ ಬೆರಳನ್ನು ಕಚ್ಚಿತು. ಅರ್ಧ ಗಂಟೆಯಲ್ಲಿ ಮರಿಗಳೆಲ್ಲ ಮಾಯವಾದವು. ಮರಿ ಕಳೆದುಕೊಂಡ ಗಂಡು ಆ ಸಿಟ್ಟನ್ನು ಹೆಣ್ಣಿನ ಮೇಲೆ ತೀರಿಸಿಕೊಂಡಿತು. ನಡುವೆ ಗಾಜಿನ ತಡೆ ಹಾಕಬೇಕೆಂದು ಎರಡು ದಿನ ಅಂದುಕೊಳ್ಳುತ್ತಲೇ ಇದ್ದೆ. ಮೂರನೆಯ ಬೆಳಿಗ್ಗೆ ಹೆಣ್ಣು ಬಾಲ ಹರಿದು, ಒಂದು ಕಣ್ಣು ಬಿಳುಚಿ, ಫಿಲ್ಟರಿನ ಹಿಂದೆ ಸಿಕ್ಕಿಕೊಂಡು ಸತ್ತಿತ್ತು.

ನೀಲಿಹನಿ:
ಹಾಗಾದರೆ ಲೆಕ್ಕ ಸ್ಪಷ್ಟವಾಯಿತು. ನನ್ನ ವಿಧಾನದಲ್ಲಿ ಹೋದದ್ದು ಕೆಲವು ರಾತ್ರಿಗಳ ನಿದ್ದೆ. ನಿಮ್ಮದರಲ್ಲಿ ಹೋದದ್ದು ತಾಯಿಮೀನು.

ಕಲ್ಲುಗೂಡು:
160ರಲ್ಲಿ 19 ಉಳಿಸಿದವರು ಲೆಕ್ಕ ಹೇಳಬಾರದು. ಹೆಣ್ಣು ಸತ್ತದ್ದು ನನ್ನ ಸೋಮಾರಿತನದಿಂದ, ಮೊಟ್ಟೆಯನ್ನು ಅದರ ಬಳಿಯೇ ಬಿಟ್ಟದ್ದರಿಂದಲ್ಲ. ಈ ಎರಡನ್ನೂ ಗಂಟುಹಾಕಬೇಡಿ.

ಇಬ್ಬರೂಹೆಣ್ಣು:
ನಿಮ್ಮಿಬ್ಬರ ಜಗಳದಲ್ಲಿ ಮುಖ್ಯ ವಿಷಯವೇ ಮರೆತುಹೋಗಿದೆ. ಅದು ಜೋಡಿಯೇ ಹೌದೋ ಎಂಬುದನ್ನು ಮೊದಲು ನೋಡಬೇಕು. ನನ್ನ ಎರಡು ಮೀನುಗಳು ಒಂದೇ ಕುಂಡದಲ್ಲಿ, ಒಟ್ಟಿಗೆ ಕಾವಲು ಕಾಯುತ್ತ ಏಳು ತಿಂಗಳು ಮೊಟ್ಟೆ ಇಟ್ಟವು. ಪ್ರತಿ ಸಲವೂ ಎರಡನೆಯ ದಿನಕ್ಕೆ ಎಲ್ಲ ಬೆಳ್ಳಗಾಗುತ್ತಿದ್ದವು, ಮೂರನೆಯ ದಿನಕ್ಕೆ ತಿಂದು ಮುಗಿಸುತ್ತಿದ್ದವು. ನೀರಿನ ದೋಷವೆಂದು ಭಾವಿಸಿ ಮರಳು ಬದಲಿಸಿದೆ, ಹೀಟರ್ ಬದಲಿಸಿದೆ, ಫಿಲ್ಟರನ್ನು ಬದಲಿಸಲು ಹೋಗಿ ಅದರಲ್ಲಿ ಬೆಳೆದು ನೀರಿನ ವಿಷ ಕಳೆಯುತ್ತಿದ್ದ ಬ್ಯಾಕ್ಟೀರಿಯಾವನ್ನೆಲ್ಲ ಕಳೆದುಕೊಂಡು ಆರು ವಾರ ನೈಟ್ರೈಟಿನೊಡನೆ ಒದ್ದಾಡಿದೆ. ಒಂದು ದಿನ ಬಂದ ಗೆಳೆಯರೊಬ್ಬರು ಗಾಜಿನ ಮುಂದೆ ಒಂದು ನಿಮಿಷ ನಿಂತು, ‘ಎರಡಕ್ಕೂ ಹೊಟ್ಟೆ ಕಿತ್ತಳೆ ಇದೆಯಲ್ಲ’ ಎಂದರು. ದೊಡ್ಡದಾಗಿದೆ ಎಂಬ ಒಂದೇ ಕಾರಣಕ್ಕೆ ಒಂದನ್ನು ಗಂಡು ಎಂದುಕೊಂಡಿದ್ದೆ.

ಕಲ್ಲುಗೂಡು:
ಕೇಳಿದವರ ತೊಟ್ಟಿಯಲ್ಲಿ ಮರಿ ಒಡೆದಿವೆ. ಎರಡೂ ಹೆಣ್ಣಾದರೆ ಅದು ಹೇಗೆ ಸಾಧ್ಯ? ಓದಿ ಬರೆಯಿರಿ.

ಇಬ್ಬರೂಹೆಣ್ಣು:
ಓದಿದ್ದೇನೆ. ಮುಂದೆ ಓದುವವರಿಗೆ ಉಪಯೋಗವಾಗಲಿ ಎಂದು ಬರೆದೆ.

ತುಂಬಿದಮನೆ:
ಮರಿ ಮಾಡಿಸುವುದು ಕಷ್ಟವೆಂದು ಇಲ್ಲಿ ವಾದಿಸುತ್ತಿರುವವರನ್ನು ಕಂಡು ನಗು ಬರುತ್ತದೆ. ಮೀನು ತಾನಾಗಿ ಕಲಿಯುತ್ತದೆ. ಕಲಿತ ಮೇಲೆ ನಿಲ್ಲಿಸುವುದೇ ಕಷ್ಟ. ಒಂದು ತೊಟ್ಟಿಯಿಂದ ಶುರುಮಾಡಿದ ನನಗೆ ವರ್ಷದೊಳಗೆ ಏಳು ತೊಟ್ಟಿಗಳಾದವು. ಮೊದಲ ಗುಂಪಿನ ಮರಿಗಳು ಇನ್ನೂ ಅಮ್ಮನ ಹಿಂದೆ ಸುತ್ತುತ್ತಿರುವಾಗಲೇ ಮುಂದಿನ ಮೊಟ್ಟೆ ಬಂತು, ಹಿಂದಿನವನ್ನೆಲ್ಲ ಅಪ್ಪ ಮೂಲೆಗೆ ಅಟ್ಟತೊಡಗಿದ. ಅಂಗಡಿಯವರು ಮೊದಲ ಮೂವತ್ತನ್ನು ತೆಗೆದುಕೊಂಡರು, ಎರಡನೆಯ ಸಲ ಪುಕ್ಕಟೆ ಕೊಟ್ಟರೂ ಬೇಡವೆಂದರು. ಬಿಳಿ ತಳಿಯಾದರೆ ಯಾರಾದರೂ ಒಯ್ದಾರು ಎಂದು ಒಂದು ಬಿಳಿ ಗಂಡನ್ನು ತಂದು ಪಟ್ಟೆಯ ಹೆಣ್ಣಿನೊಡನೆ ಬಿಟ್ಟೆ. ಆ ಗುಣ ಅಡಗಿ ಬರುವಂಥದ್ದಾದ್ದರಿಂದ ಹುಟ್ಟಿದ ಇನ್ನೂರಕ್ಕೆ ಇನ್ನೂರೂ ಪಟ್ಟೆಯವೇ ಆದವು. ಈಗ ಗಂಡುಗಳಿಗೆ ಬೇರೆ ತೊಟ್ಟಿ, ಹೆಣ್ಣುಗಳಿಗೆ ಬೇರೆ ತೊಟ್ಟಿ.

ಮರಳುಗುಡ್ಡೆ:
ಇಷ್ಟೇಕೆ ಗೋಳು? ಹೆಚ್ಚಾದವನ್ನು ನಾನು ಕೆರೆಗೆ ಬಿಟ್ಟೆ. ಅವಕ್ಕೂ ಸ್ವಾತಂತ್ರ್ಯ, ನನಗೂ ನೆಮ್ಮದಿ.

ತುಂಬಿದಮನೆ:
ಇದನ್ನು ಹೆಮ್ಮೆಯಿಂದ ಬರೆಯುತ್ತಿದ್ದೀರಲ್ಲ! ಮಧ್ಯ ಅಮೆರಿಕದ ಈ ಮೀನು ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ, ವಿದ್ಯುತ್ ಸ್ಥಾವರದ ಬಿಸಿನೀರು ಸೇರುತ್ತಿದ್ದ ಹೇಜಲ್‌ವುಡ್ ಜಲಾಶಯದಲ್ಲಿ ನೆಲೆಯೂರಿತ್ತು. ಮರಿಯಿರುವ ಜೋಡಿ ತನಗಿಂತ ದೊಡ್ಡ ಮೀನನ್ನೂ ಓಡಿಸುತ್ತದೆಂಬುದು ನಿಮಗೆ ಗೊತ್ತಿಲ್ಲವೇ? ಸಾಕಲಾಗದಿದ್ದರೆ ದೊಡ್ಡ ಮೀನಿಗೆ ಆಹಾರವಾಗಿ ಕೊಡಿ, ಇಲ್ಲವೇ ಮೊಟ್ಟೆಯಿರುವಾಗಲೇ ಕುಂಡ ತೊಳೆದುಬಿಡಿ. ಕೆರೆಗೆ ಮಾತ್ರ ಬಿಡಬೇಡಿ.

ಮರಳುಗುಡ್ಡೆ:
ನಾನು ಬಿಟ್ಟದ್ದು ಹನ್ನೆರಡು ಮೀನು. ಹನ್ನೆರಡರಿಂದ ಕೆರೆ ಹಾಳಾಗುವುದಿಲ್ಲ.

ತುಂಬಿದಮನೆ:
ನನ್ನ ಏಳು ತೊಟ್ಟಿ ತುಂಬಿದ್ದು ಎರಡರಿಂದ.

ಹೊಸತೊಟ್ಟಿ:
ಎಲ್ಲರಿಗೂ ಧನ್ಯವಾದಗಳು. ನಿನ್ನೆ ಮಧ್ಯಾಹ್ನ ಮತ್ತೆ ಮೊಟ್ಟೆ ಇಟ್ಟಿವೆ. ಈ ಸಲ ಹೆಣ್ಣು ಕುಂಡದ ಬಾಯಿ ಬಿಟ್ಟು ಕದಲುತ್ತಿಲ್ಲ, ಗಂಡು ಗಾಜಿನ ಹತ್ತಿರ ನನ್ನ ಮುಖ ಕಂಡರೂ ಎರಗುತ್ತಿದೆ. ಸದ್ಯಕ್ಕೆ ಬಿಟ್ಟು ನೋಡುತ್ತೇನೆ, ಗಾಜಿನ ತಡೆಯನ್ನು ಇಂದೇ ಕತ್ತರಿಸಿ ಇಟ್ಟುಕೊಂಡಿದ್ದೇನೆ. ದೀಪದ ಪ್ರಶ್ನೆಗೆ ಮಾತ್ರ ಯಾರೂ ಉತ್ತರಿಸಲಿಲ್ಲ.

ಕಲ್ಲುಗೂಡು:
ಮರಿಗಳು ಈಜತೊಡಗಿದ ಮೇಲೆ ದೀಪವನ್ನು ಥಟ್ಟನೆ ಆರಿಸಬೇಡಿ. ಸಂಜೆ ಬೆಳಕು ನಿಧಾನವಾಗಿ ಇಳಿದರೆ, ಚದುರಿದ ಮರಿಗಳನ್ನು ತಂದೆತಾಯಿಗಳು ಬಾಯಲ್ಲಿ ಹಿಡಿದು ತಂದು, ಮರಳಿನಲ್ಲಿ ತೋಡಿದ ಗುಂಡಿಗೆ ಉಗುಳಿ ಒಟ್ಟುಗೂಡಿಸುತ್ತವೆ. ಬಾಯಿಗೆ ಹಾಕಿಕೊಂಡದ್ದನ್ನು ಕಂಡು ತಿನ್ನುತ್ತಿವೆಯೆಂದು ಗಾಬರಿಬಿದ್ದು ಕೈ ಹಾಕಬೇಡಿ. ನಾನು ಮೂರನೆಯ ಗುಂಪನ್ನು ಕಳೆದುಕೊಂಡದ್ದು ಹಾಗೆಯೇ.

ನೀಲಿಹನಿ:
ಮೂರು ಸಲವೂ ಮೀನೇ ತಿಂದವು ಎಂದು ಮೇಲೆ ಬರೆದಿದ್ದಿರಿ.